ಕೆರೆಯ ಹೂಳಿನಲ್ಲಿ ಅಡಗಿದ ಲೋಹಗಳು

ಬೇಸಗೆಯಲ್ಲಿ ಕೆರೆಯು ಬತ್ತಿದೊಡನೆ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿಕೊಂಡು ಹೊಲಗಳಿಗೆ ಒಯ್ಯುತ್ತಿದ್ದದ್ದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರುವೆವು. ಅದಕ್ಕಿಂತ ಉತ್ತಮವಾದ ಗೊಬ್ಬರವಿಲ್ಲವೆಂಬದು ಹಿರಿಯರ ಅನುಭವವು. ಆದರೆ ದೊಡ್ಡ ಪಟ್ಟಣಗಳ ಕೊಳಚೆಯು ಸೇರುವ ಕೆರೆಗಳ ವಿಷಯದಲ್ಲಿ ಆ ಮಾತು ಈಗ ಸಲ್ಲದು.

ಬೆಂಗಳೂರಿನ ಕೆರೆಗಳೊಳಗೆ ಅತಿ ದೊಡ್ಡದಾದ ಬೆಳ್ಳಂದೂರು ಕೆರೆಯನ್ನೇ ನೋಡಿರಿ. 2018ನೆಯ ಇಸವಿಯ ಜನವರಿಯಲ್ಲಿ ಆ ಕೆರೆಯಂಗಳವು ಹೊತ್ತಿ ಉರಿದಾಗ ಜನರೆಲ್ಲರೂ ಬೆರಗಾದರು. ಬೆಂಕಿಯೂ ನೊರೆಯೂ ಕಣ್ಣಿಗೆ ಕಾಣುವ ಕೇಡುಗಳು. ಕಾಣದ ಕೇಡು ಕೆಸರಿನಲ್ಲಿದೆ. ಅಲ್ಲಿನ ಹೂಳನ್ನು ಪರೀಕ್ಷಿಸಿದ ಶಾಸ್ತ್ರಜ್ಞರು ಅದರಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಮುಂತಾದ ಭಾರಲೋಹಗಳನ್ನು ಕಂಡಿರುವರು.

ಲೋಹಲೇಪದ ಕಾರ್ಖಾನೆಗಳು, ಬಣ್ಣಗಳು, ಬ್ಯಾಟರಿಗಳು ಇವೇ ಮೊದಲಾದವುಗಳಿಂದ ಇಂಥ ಲೋಹಗಳು ಚರಂಡಿಗೆ ಇಳಿಯುವವು. ಮಲಿನಪದಾರ್ಥವು ಕಾಲಕ್ರಮದಲ್ಲಿ ಕೊಳೆತು ನಾಶವಾಗುವದು. ಲೋಹವಾದರೋ ಎಂದಿಗೂ ಕೊಳೆಯದು. ಅದು ಜೇಡಿಮಣ್ಣಿನ ಕಣಗಳಿಗೆ ಅಂಟಿ ತಳಕ್ಕೆ ಇಳಿಯುವದು. ಆದದರಿಂದ ಮೇಲಣ ನೀರು ತಿಳಿಯಾದರೂ ಕೆರೆಯು ಶುದ್ಧವಾಯಿತೆನ್ನಲಾಗದು. ಹೂಳನ್ನು ಕದಡಿದಾಗ, ಇಲ್ಲವೆ ನೀರಿನ ಗುಣವು ಬದಲಾದಾಗ, ತಳದ ಲೋಹವು ಪುನಃ ನೀರಿಗೆ ಸೇರಬಹುದು.

ಇನ್ನು ಅಡಿಗೆಮನೆಯ ಮಾತು. ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುವವು, ಲೋಹವು ಹೋಗದು. ಸೊಪ್ಪನ್ನು ತೊಳೆದರೆ ಹೊರಗಿನ ಮಣ್ಣು ಹೋಗುವದು, ಬೇರಿನ ಮೂಲಕ ಒಳಹೊಕ್ಕ ಕ್ಯಾಡ್ಮಿಯಂ ಹೋಗದು. ಸೀಸವು ಎಳೆಯ ಮಕ್ಕಳ ಬುದ್ಧಿಬೆಳವಣಿಗೆಯನ್ನು ಕುಂದಿಸುವದು. ರಕ್ತದಲ್ಲಿ ಕಬ್ಬಿಣಾಂಶವು ಕಡಮೆಯಾದವರ ದೇಹವು ಕ್ಯಾಡ್ಮಿಯಮನ್ನು ಹೆಚ್ಚಾಗಿ ಹೀರಿಕೊಳ್ಳುವದರಿಂದ ಸ್ತ್ರೀಯರಿಗೆ ಅಪಾಯವು ಅಧಿಕವು.

ಇದು ಬರಿಯ ಊಹೆಯಲ್ಲ. ಜಪಾನ್ ದೇಶದ ಜಿಂಜು ನದಿಗೆ ಮೇಲಣ ಗಣಿಯೊಂದರಿಂದ ಕ್ಯಾಡ್ಮಿಯಂ ಹರಿದುಬಂದು, ಆ ನೀರು ಹಾಯಿಸಿದ ಗದ್ದೆಗಳ ಅಕ್ಕಿಯಲ್ಲಿ ಸೇರಿತು. ಅದನ್ನುಂಡವರ ಎಲುಬುಗಳು ಮೆತ್ತಗಾಗಿ ಮುರಿದವು. ಅವರಲ್ಲಿ ಹೆಚ್ಚಿನವರು ಮಕ್ಕಳನ್ನು ಹೆತ್ತು ನಡುವಯಸ್ಸನ್ನು ದಾಟಿದ ಸ್ತ್ರೀಯರು. ನೋವು, ನೋವು ಎಂಬ ಅವರ ಕೂಗಾದ 'ಇತಾಯ್ ಇತಾಯ್' ಎಂಬದೇ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರಕಾರವು ಅದರ ಕಾರಣವು ಕ್ಯಾಡ್ಮಿಯಮೆಂದು ಒಪ್ಪಿಕೊಂಡಿತು.

ಪಟ್ಟಣದ ಕೆರೆಗಳ ಹೂಳನ್ನು ಎತ್ತುವದು ಅವಶ್ಯವೇ. ಆದರೆ ಪರೀಕ್ಷಿಸದೆ ಅದನ್ನು ಹೊಲಕ್ಕೆ ಚೆಲ್ಲಿದರೆ ಕೆರೆಯ ವಿಷವನ್ನು ಊಟದ ತಟ್ಟೆಗೆ ತಂದಂತಾಗುವದು. ಪ್ರಿಯ ಸಹೋದರಿಯರೇ, ತಾಯಿತಂದೆಗಳೇ, ನಿಮ್ಮ ಊರಿನ ಕೆರೆಯಲ್ಲಿ ಹೂಳೆತ್ತುವ ಕೆಲಸವು ನಡೆಯುವಾಗ ಎರಡು ಪ್ರಶ್ನೆಗಳನ್ನು ಸಂಕೋಚಪಡದೆ ಕೇಳಿರಿ: ಈ ಮಣ್ಣನ್ನು ಪರೀಕ್ಷಿಸಿದ್ದಾರೆಯೇ? ಇದನ್ನು ಎಲ್ಲಿಗೆ ಒಯ್ಯುವರು?