ಲೊಪ್ಪಿಸ್‌ನಲ್ಲಿ ಒಂದು ಬೆಣೆ ಕತ್ತಿ

ಸ್ವೀಡನ್ನಿನ ಲೊಪ್ಪಿಸ್‌ಗೆ, ಅಂದರೆ ಹಳೆ ಸಾಮಾನಿನ ಸಂತೆಗೆ, ಮಕ್ಕಳೊಡನೆ ಹೋದಾಗ ಹಳೆಯ ಕ್ಷೌರದ ಕತ್ತಿ ಹುಡುಕಿ. ಮೇಲೆ ‘ಎಸ್ಕಿಲ್‌ಸ್ಟೂನಾ’ ಎಂದಿದ್ದರೆ ಅದು ಕಮ್ಮಾರರ ಊರಿನದು. 1650ರ ದಶಕದ ರಾಡೆಮಾಕರ್ ಕಮ್ಮಾರಶಾಲೆಗಳು ಅಲ್ಲಿ ಇಂದಿಗೂ ಇವೆ.

ಅಲಗನ್ನು ತುದಿಯಿಂದ ನೋಡಿ. ಬದಿಗಳು ಒಳಕ್ಕೆ ಬಾಗಿದ್ದರೆ ಈಚಿನ ಮಾದರಿ. ದಪ್ಪ ಬೆನ್ನಿನಿಂದ ನೇರವಾಗಿ ಇಳಿದಿದ್ದರೆ ಹಳೆಯ ಬೆಣೆ ಮಾದರಿ. ಮಸೆಯುವಾಗ ಅದರ ಇಡೀ ಬದಿ ಸಾಣೆಕಲ್ಲಿಗೆ ತಾಗುತ್ತದೆ. ತುಕ್ಕು ಅಂಚನ್ನೇ ತಿಂದಿದ್ದರೆ ಕೊಳ್ಳಬೇಡಿ.

ಬೆಣೆಗೆ ಸ್ವೀಡಿಷ್‌ನಲ್ಲಿ ‘ಶೀಲ್’, ಕ್ಷೌರದ ಕತ್ತಿಗೆ ‘ರಾಕ್‌ಕ್ನೀವ್’. ಇವು ಮಗುವಿಗೆ ಹೊರಗೆ ಸಿಗುತ್ತವೆ. ಬೆಣೆ, ಅಲಗು, ಸಾಣೆ, ಮಸೆಯುವುದು ಎಂಬ ಮಾತುಗಳನ್ನು ನೀವು ಆಡದಿದ್ದರೆ ಇನ್ಯಾರು ಆಡಬೇಕು? ಕತ್ತಿ ನಿಮ್ಮ ಕೈಯಲ್ಲೇ ಇರಲಿ. ವಿಡಿಯೋ ಕರೆಯಲ್ಲಿ ಅಜ್ಜನಿಗೆ ತೋರಿಸಿ, ಅದರ ಹೆಸರುಗಳನ್ನು ಮಗುವೇ ಹೇಳಲಿ.