ಹಾಸಿಗೆಗೊಬ್ಬ ದಾದಿ: ತೀವ್ರ ನಿಗಾ ಘಟಕದಲ್ಲಿ ರೋಗಿಯ ಸುರಕ್ಷತೆ

ತೀವ್ರ ನಿಗಾ ಘಟಕದಲ್ಲಿ, ಅಂದರೆ ಐಸಿಯುವಿನಲ್ಲಿ, ಮಲಗಿರುವ ರೋಗಿಯ ಉಸಿರಾಟ, ರಕ್ತದೊತ್ತಡ, ಆಹಾರ, ಮೂತ್ರವಿಸರ್ಜನೆ ಎಲ್ಲವೂ ಒಂದಲ್ಲ ಒಂದು ಕೊಳವೆಯನ್ನೋ ಯಂತ್ರವನ್ನೋ ಅವಲಂಬಿಸಿರುತ್ತವೆ. ಚಿಕಿತ್ಸೆಯನ್ನು ನಿರ್ಧರಿಸುವವರು ವೈದ್ಯರಾದರೂ ಆ ನಿರ್ಧಾರ ರೋಗಿಯ ದೇಹವನ್ನು ಮುಟ್ಟುವುದು ಬಹುಪಾಲು ದಾದಿಯ ಕೈಯಿಂದಲೇ. ಜೆರುಸಲೇಮಿನ ಆಸ್ಪತ್ರೆಯೊಂದರ ಐಸಿಯುವನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಬ್ಬ ರೋಗಿಗೆ ದಿನವೊಂದಕ್ಕೆ ಸರಾಸರಿ 178 ಕೆಲಸಗಳು ನಡೆಯುತ್ತವೆಂದೂ ಅವುಗಳಲ್ಲಿ ಸುಮಾರು 1.7 ತಪ್ಪುಗಳಾಗುತ್ತವೆಂದೂ ಲೆಕ್ಕ ಹಾಕಿತು. ನೂರಕ್ಕೆ ತೊಂಬತ್ತೊಂಬತ್ತರಷ್ಟು ಸರಿಯಾಗಿ ನಡೆಯುವ ಕೆಲಸವೂ ದಿನಕ್ಕೊಂದು ಅಪಾಯವನ್ನು ಉಳಿಸುತ್ತದೆಯಾದ್ದರಿಂದ, ಸಿಬ್ಬಂದಿ ಎಚ್ಚರದಿಂದಿರಲಿ ಎಂಬ ಬುದ್ಧಿವಾದವಷ್ಟೇ ಇಲ್ಲಿ ಸಾಲದು.

ಮಹಾರಾಷ್ಟ್ರದ ಎರಡು ನಗರಗಳು 2021ರಲ್ಲಿ ಕಂಡ ಘಟನೆಗಳು ಈ ಮಾತಿಗೆ ಪುಷ್ಟಿ ಕೊಡುತ್ತವೆ. ಏಪ್ರಿಲ್ 21ರಂದು ನಾಸಿಕ್ ಮಹಾನಗರ ಪಾಲಿಕೆಯ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯ ಆಮ್ಲಜನಕದ ತೊಟ್ಟಿ ಸೋರಿ, ಕೊಳವೆಗಳಲ್ಲಿ ಸುಮಾರು ಅರ್ಧ ಗಂಟೆ ಒತ್ತಡ ಕುಸಿದದ್ದರಿಂದ 22 ಕೋವಿಡ್ ರೋಗಿಗಳು ಅಂದೇ ಅಸುನೀಗಿದರು. ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಸಂಭವಿಸಿದ ಸಾವುಗಳನ್ನು ಮರೆಯದ ಕನ್ನಡ ಓದುಗರಿಗೆ ಆ ಅರ್ಧ ಗಂಟೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಘಟನೆ ಯಂತ್ರಗಳದ್ದು: ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಇಂದಿನ ಛತ್ರಪತಿ ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಪಿಎಂ ಕೇರ್ಸ್ ನಿಧಿಯಿಂದ 150 ವೆಂಟಿಲೇಟರುಗಳು ಬಂದಿದ್ದವು. ಅವುಗಳಲ್ಲಿ ಬಳಕೆಗೆ ತೆಗೆದ 113 ಯಂತ್ರಗಳು ದೋಷಯುಕ್ತವಾಗಿದ್ದವೆಂಬ ವರದಿ ಬಾಂಬೆ ಹೈಕೋರ್ಟಿನ ಅಲ್ಲಿನ ಪೀಠದ ಮುಂದೆ ಬಂದಿತು. ಯಂತ್ರ ಓಡುತ್ತಿರುವಾಗಲೇ ರೋಗಿಯ ಆಮ್ಲಜನಕದ ಮಟ್ಟ ಇಳಿಯುತ್ತದೆಂಬುದು ದೂರುಗಳಲ್ಲೊಂದು. ಆಸ್ಪತ್ರೆಯವರು ಯಂತ್ರವನ್ನು ಸರಿಯಾಗಿ ಬಳಸುತ್ತಿಲ್ಲವೆಂದು ಕೇಂದ್ರ ಸರ್ಕಾರ ವಾದಿಸಿದಾಗ ಪೀಠ ಅಸಮಾಧಾನ ವ್ಯಕ್ತಪಡಿಸಿತು.

ತೊಟ್ಟಿಯಾಗಲಿ ಯಂತ್ರವಾಗಲಿ ಕೈಕೊಟ್ಟಾಗ ರೋಗಿಯನ್ನು ಉಳಿಸಿಕೊಳ್ಳಲು ಹಾಸಿಗೆಯ ಪಕ್ಕದಲ್ಲಿ ಇರಬೇಕಾದವು ತುಂಬಿದ ಸಿಲಿಂಡರು ಮತ್ತು ಅಂಬು ಬ್ಯಾಗು. ಕೈಯಿಂದ ಅದುಮಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಈ ಚೀಲಕ್ಕೆ ವಿದ್ಯುತ್ತು ಬೇಡ, ಆದರೆ ರೋಗಿಯೊಬ್ಬನಿಗೆ ಒಬ್ಬರು ನಿಂತು ಅದನ್ನು ಬಿಡದೆ ಒತ್ತುತ್ತಿರಬೇಕು. ನಾಲ್ವರು ವೆಂಟಿಲೇಟರ್ ರೋಗಿಗಳನ್ನು ಒಬ್ಬ ದಾದಿಗೆ ಒಪ್ಪಿಸಿರುವ ಪಾಳಿಯಲ್ಲಿ ಕೊಳವೆಯ ಒತ್ತಡ ಕುಸಿದರೆ, ಆಕೆ ಎಷ್ಟೇ ನುರಿತವಳಾದರೂ ಒಬ್ಬರಿಗಷ್ಟೇ ಉಸಿರು ಕೊಡಬಲ್ಲಳು.

ಇಂಥ ದುರಂತಗಳು ಸುದ್ದಿಯಾಗುತ್ತವೆ. ಸುದ್ದಿಯಾಗದ ಹಾನಿ ಐಸಿಯುವಿನಲ್ಲಿ ನಿತ್ಯ ಸಂಭವಿಸುತ್ತದೆ. ವೆಂಟಿಲೇಟರಿಗೆ ಹಾಕಿ 48 ಗಂಟೆಗಳಾದ ಬಳಿಕ ತಗಲುವ ನ್ಯುಮೋನಿಯಾ ಅಂಥ ಹಾನಿಗಳಲ್ಲಿ ಮುಖ್ಯವಾದುದು. ಬಾಯಿಯ ಮತ್ತು ಹೊಟ್ಟೆಯ ದ್ರವ ಗಂಟಲಿನ ಕೊಳವೆಯ ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿಯುವುದೇ ಇದಕ್ಕೆ ಕಾರಣವಾದ್ದರಿಂದ, ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು, ಬಾಯಿಯನ್ನು ಶುಚಿಯಾಗಿಡುವುದು, ಕೊಳವೆಯ ತುದಿಯಲ್ಲಿರುವ ಬಲೂನಿನ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಕಾಯ್ದುಕೊಳ್ಳುವುದು ಎಲ್ಲವೂ ಶುಶ್ರೂಷೆಯ ಪಾಲಿಗೆ ಬರುತ್ತವೆ. ಮಗ್ಗುಲು ಬದಲಿಸದ ರೋಗಿಯ ಬೆನ್ನಿನ ಕೆಳಭಾಗದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಅದನ್ನು ತಡೆಯಲು ಹೊರಳಿಸಬೇಕಾದ ರೋಗಿಗೆ ಹಲವು ಕೊಳವೆಗಳು ಅಂಟಿಕೊಂಡಿರುವುದರಿಂದ, ಆ ಕೆಲಸಕ್ಕೆ ಎರಡು ಜೊತೆ ಕೈಗಳಾದರೂ ಬೇಕು.

ಔಷಧಗಳ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣ ನೋಡಲು ನೀರಿನಂತೆಯೇ ಇರುತ್ತದೆ, ಆದರೆ ಅದನ್ನು ದುರ್ಬಲಗೊಳಿಸದೆ ರಕ್ತನಾಳಕ್ಕೆ ನೇರವಾಗಿ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಹೀಗಾಗಿ ಅದನ್ನು ಸಾಮಾನ್ಯ ಔಷಧಗಳಿಂದ ಬೇರ್ಪಡಿಸಿ ಬೀಗದೊಳಗಿಡುವುದು, ಇನ್ಸುಲಿನ್, ಹೆಪಾರಿನ್, ನಾರ್‌ಅಡ್ರಿನಲಿನ್‌ಗಳಂಥ ಔಷಧಗಳ ಪ್ರಮಾಣವನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವುದು, ಪಾಳಿ ಬದಲಾಗುವಾಗ ರೋಗಿಯ ಈಗಿನ ಸ್ಥಿತಿ, ಹಿನ್ನೆಲೆ, ದಾದಿಯ ಅಂದಾಜು ಮತ್ತು ಮುಂದೆ ಆಗಬೇಕಾದುದು ಎಂಬ ಕ್ರಮದಲ್ಲಿಯೇ ಹಾಸಿಗೆಯ ಬಳಿ ನಿಂತು ಒಪ್ಪಿಸುವುದು ರೂಢಿಗೆ ಬರಬೇಕಾಗುತ್ತದೆ. ಮಾನಿಟರುಗಳ ಎಚ್ಚರಿಕೆಯ ಸದ್ದನ್ನೂ ಆಯಾ ರೋಗಿಗೆ ತಕ್ಕ ಮಿತಿಗೆ ಹೊಂದಿಸದಿದ್ದರೆ, ಕಾರಣವಿಲ್ಲದೆ ಕೂಗುವ ಯಂತ್ರಗಳ ನಡುವೆ ಕಾರಣವಿದ್ದು ಕೂಗಿದ್ದು ಕಿವಿಗೆ ಬೀಳದೆ ಹೋಗುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ನೇತೃತ್ವದಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ದೊಡ್ಡ ರಕ್ತನಾಳಕ್ಕೆ ತೂರಿಸುವ ಸೆಂಟ್ರಲ್ ಲೈನಿನಿಂದ ತಗಲುವ ಸೋಂಕನ್ನು ತಡೆಯಲು ಅಲ್ಲಿ ಅನುಸರಿಸಿದ್ದು ಕೈ ತೊಳೆಯುವುದು, ರೋಗಿಯ ಮೈಯನ್ನು ಪೂರ್ತಿ ಮುಚ್ಚುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿಯ ರಕ್ತನಾಳವನ್ನು ತಪ್ಪಿಸುವುದು, ಬೇಡವಾದ ಲೈನನ್ನು ತೆಗೆಯುವುದು ಎಂಬ ಐದು ಕ್ರಮಗಳನ್ನು. ಸೋಂಕಿನ ಪ್ರಮಾಣ ಮೂರನೇ ಎರಡರಷ್ಟು ತಗ್ಗಿತು. ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಅದರಲ್ಲಿರಲಿಲ್ಲ. ವೈದ್ಯರು ಒಂದು ಹಂತವನ್ನು ಬಿಟ್ಟರೆ ತಡೆದು ನಿಲ್ಲಿಸುವ ಅಧಿಕಾರ ದಾದಿಗೆ ಇತ್ತು. ಹಿರಿಯ ವೈದ್ಯರ ಎದುರು ಕಿರಿಯ ದಾದಿ ಬಾಯಿ ತೆರೆಯಲು ಅಳುಕುವ ನಮ್ಮ ಆಸ್ಪತ್ರೆಗಳಿಗೆ ಅತ್ಯಂತ ಕಷ್ಟವಾಗುವುದು ಪ್ರಾಯಶಃ ಇದೊಂದೇ.

ಆ ಅಳುಕಿಗೆ ಕಾರಣಗಳೂ ಇವೆ. ನಾಸಿಕ್ ಮತ್ತು ಸಂಭಾಜಿನಗರಗಳಿಗೆ ದೂರವಲ್ಲದ, ಆಗ ಅಹ್ಮದ್‌ನಗರ ಎನಿಸಿಕೊಂಡಿದ್ದ ನಗರದ ಜಿಲ್ಲಾಸ್ಪತ್ರೆಯ ಐಸಿಯುವಿಗೆ 2021ರ ನವೆಂಬರ್ 6ರಂದು ಬೆಂಕಿ ಬಿದ್ದು 11 ರೋಗಿಗಳು ಸತ್ತ ಬಳಿಕ, ಬಂಧನಕ್ಕೊಳಗಾದವರು ಒಬ್ಬ ವೈದ್ಯೆ ಮತ್ತು ಮೂವರು ದಾದಿಯರು. ಹೊಣೆಗಾರಿಕೆಯನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಆದರೆ ಶಿಕ್ಷೆಯ ಭಯ ಹರಡಿದಲ್ಲಿ, ಸ್ವಲ್ಪದರಲ್ಲಿ ತಪ್ಪಿದ ಅವಘಡಗಳನ್ನು ಯಾರೂ ಬರೆದಿಡುವುದಿಲ್ಲ, ಬರೆದಿಡದ ತಪ್ಪಿಗೆ ಪರಿಹಾರವನ್ನು ಯಾರೂ ಹುಡುಕುವುದೂ ಇಲ್ಲ.

ಇನ್ನುಳಿದದ್ದು ಸಂಖ್ಯೆಯ ಪ್ರಶ್ನೆ. ಶಸ್ತ್ರಚಿಕಿತ್ಸೆಯ ರೋಗಿಗಳ ಕುರಿತು ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಮೂವತ್ತು ದಿನಗಳೊಳಗಿನ ಸಾವಿನ ಸಾಧ್ಯತೆ ಶೇಕಡಾ 7ರಷ್ಟು ಏರುವುದು ಕಂಡುಬಂದಿತು. ಐಸಿಯುವಿನಲ್ಲಿ ಪ್ರತಿ ಪಾಳಿಗೂ ರೋಗಿಗೊಬ್ಬ ದಾದಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದರಂತೆ ಹತ್ತು ಹಾಸಿಗೆಗಳ ಘಟಕಕ್ಕೆ ಮೂರು ಪಾಳಿಗಳಿಗೆ ಮೂವತ್ತು ದಾದಿಯರು ಬೇಕು, ವಾರದ ರಜೆ, ಕಾಯಿಲೆ ಮತ್ತು ಹೆರಿಗೆ ರಜೆಗಳನ್ನು ಸೇರಿಸಿದರೆ ಆ ಸಂಖ್ಯೆ ನಲವತ್ತರ ಸಮೀಪಕ್ಕೆ ಬರುತ್ತದೆ. ಹೊಸ ಐಸಿಯುವಿನ ಅಂದಾಜುಪಟ್ಟಿಯಲ್ಲಿ ಹಾಸಿಗೆ ಮತ್ತು ವೆಂಟಿಲೇಟರುಗಳ ಪಕ್ಕದಲ್ಲಿಯೇ ಈ ನಲವತ್ತು ಹುದ್ದೆಗಳ ಸಂಬಳವೂ ನಮೂದಾಗಬೇಕು.