ಎಂಜಿನ್ನಿಲ್ಲದ ರೈಲು ಹುಟ್ಟಿದ ಬಗೆ

ಬೆಂಗಳೂರಿನ ಮೆಟ್ರೊ ರೈಲು ನಿಲ್ದಾಣಕ್ಕೆ ಬಂದು ನಿಂತಾಗ ನಾವು ತುದಿಯಿಂದ ತುದಿಯವರೆಗೆ ಕಣ್ಣು ಹಾಯಿಸಿದರೂ ಎಂಜಿನ್ನು ಮಾತ್ರ ಕಾಣುವುದಿಲ್ಲ. ಇರುವುದೆಲ್ಲವೂ ಪ್ರಯಾಣಿಕರ ಗಾಡಿಗಳೇ. ಹಾಗಾದರೆ ಇದನ್ನು ಎಳೆಯುವವರು ಯಾರು? ಉತ್ತರವನ್ನು ಅರಸುತ್ತ ನಾವು ಇಪ್ಪತ್ತನೆಯ ಶತಮಾನದ ಆರಂಭದ ಲಂಡನ್ ನಗರಕ್ಕೆ ಹೋಗಬೇಕು.

1900ನೆಯ ಇಸವಿ ಜುಲೈ 30ರಂದು ಅಲ್ಲಿ ಸೆಂಟ್ರಲ್ ಲಂಡನ್ ರೈಲ್ವೆಯು ಸಾರ್ವಜನಿಕರಿಗೆ ತೆರೆಯಿತು. ಆಳವಾದ ಸುರಂಗದೊಳಗೆ ಉಗಿಯಂತ್ರದ ಹೊಗೆ ಸಲ್ಲದು. ಆದುದರಿಂದ ವಿದ್ಯುತ್ ಎಂಜಿನ್ನುಗಳು ಗಾಡಿಗಳನ್ನು ಎಳೆಯುತ್ತಿದ್ದವು. ಒಂದೊಂದರ ತೂಕ ಸುಮಾರು 44 ಟನ್ನು. ಎರಡೇ ಪೆನ್ನಿಗೆ ಪ್ರಯಾಣವೆಂದು ಜನರು ಮುಗಿಬಿದ್ದರು. ಆದರೆ ಸ್ವಲ್ಪ ಕಾಲದಲ್ಲಿಯೇ ಮೇಲಿನ ಬೀದಿಗಳಿಂದ ದೂರುಗಳು ಬರತೊಡಗಿದವು: ರೈಲು ಹೋದಾಗಲೆಲ್ಲ ಕಟ್ಟಡಗಳು ನಡುಗುತ್ತಿದ್ದವು!

ಸರ್ಕಾರವು ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿತು. ಮುಂದೆ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ಲಾರ್ಡ್ ರೇಲೆಯವರೂ ಅದರಲ್ಲಿದ್ದರು. ದೋಷವಿದ್ದುದು ಎಂಜಿನ್ನಿನ ರಚನೆಯಲ್ಲಿ. ಮೋಟರಿನ ತಿರುಗುವ ಭಾಗವನ್ನು ಗಾಲಿಯ ಅಚ್ಚಿನ ಮೇಲೆಯೇ ಕೂರಿಸಿದ್ದರು. ಹೀಗಾಗಿ ತೂಕದ ಬಹುಭಾಗವು ಸ್ಪ್ರಿಂಗಿನ ನೆರವಿಲ್ಲದೆ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಸ್ಪ್ರಿಂಗಿಲ್ಲದ ಎತ್ತಿನ ಗಾಡಿ ಕಲ್ಲಿನ ಮೇಲೆ ಹಾಯ್ದಾಗ ನಮ್ಮ ಬೆನ್ನಿಗೆ ತಗಲುವ ಏಟನ್ನು ನೆನೆಯೋಣ. ಲಂಡನ್ನಿನಲ್ಲಿ ಅಂಥ ಏಟನ್ನು ಹಳಿಯೂ ನೆಲವೂ ತಿನ್ನುತ್ತಿದ್ದವು.

ಎರಡು ಪರಿಹಾರಗಳನ್ನು ಪರೀಕ್ಷಿಸಿದರು. ಹಲ್ಲುಚಕ್ರಗಳನ್ನು ಜೋಡಿಸಿ ಎಂಜಿನ್ನನ್ನು ಹಗುರಗೊಳಿಸುವುದು ಒಂದು. ಎಂಜಿನ್ನನ್ನೇ ಕೈಬಿಟ್ಟು, ಸಣ್ಣ ಮೋಟರುಗಳನ್ನು ಪ್ರಯಾಣಿಕರ ಗಾಡಿಗಳ ಅಡಿಯಲ್ಲಿ ಹಂಚಿಡುವುದು ಇನ್ನೊಂದು. ಎರಡನೆಯದೇ ಗೆದ್ದಿತು. 1903ರಲ್ಲಿ ಆ ಭಾರಿ ಎಂಜಿನ್ನುಗಳು ಮೂಲೆಗೆ ಸೇರಿದವು.

ಆದರೆ ಬೇರೆಬೇರೆ ಗಾಡಿಗಳಲ್ಲಿರುವ ಮೋಟರುಗಳು ಒಬ್ಬನೇ ಚಾಲಕನ ಮಾತನ್ನು ಏಕಕಾಲದಲ್ಲಿ ಕೇಳುವುದೆಂತು? ಈ ತೊಡಕನ್ನು ಅಮೆರಿಕದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ (1857-1934) ಅವರು ಮೊದಲೇ ಬಿಡಿಸಿದ್ದರು. ಅವರ ವ್ಯವಸ್ಥೆಯಲ್ಲಿ ಮೋಟರುಗಳ ಪ್ರಬಲ ವಿದ್ಯುತ್ತು ಚಾಲಕನ ಕೈಯವರೆಗೆ ಬರಬೇಕಾಗಿಲ್ಲ. ಅವನ ಹಿಡಿಯು ತೆಳುವಾದ ತಂತಿಗಳ ಮೂಲಕ ಅಲ್ಪ ವಿದ್ಯುತ್ತನ್ನಷ್ಟೇ ಕಳುಹಿಸುತ್ತದೆ. ಆ ಅಪ್ಪಣೆಯಂತೆ ಮೋಟರುಳ್ಳ ಪ್ರತಿಯೊಂದು ಗಾಡಿಯ ಸ್ವಿಚ್ಚುಗಳೂ ತಮ್ಮ ತಮ್ಮ ಮೋಟರುಗಳನ್ನು ನಡೆಸುತ್ತವೆ. 1897ರ ಜುಲೈ ತಿಂಗಳಲ್ಲಿ ಸ್ಕೆನೆಕ್ಟಡಿ ಎಂಬಲ್ಲಿ ನಡೆದ ಪ್ರದರ್ಶನದಲ್ಲಿ ಆರು ಗಾಡಿಗಳ ರೈಲನ್ನು ನಡೆಸಿದವನು ಸ್ಪ್ರೇಗರ ಹತ್ತು ವರ್ಷದ ಮಗ! ಮರುವರ್ಷವೇ ಷಿಕಾಗೊ ನಗರದ ಎತ್ತರದ ರೈಲುಮಾರ್ಗದಲ್ಲಿ ಇಂಥ ರೈಲುಗಳು ಓಡಾಡತೊಡಗಿದವು.

ಇದರಿಂದ ಇನ್ನೊಂದು ಲಾಭವೂ ಉಂಟು. ಮೋಟರು ತಿರುಗಿಸುವ ಗಾಲಿಗಳ ಮೇಲೆ ಭಾರ ಹೆಚ್ಚಿದ್ದಷ್ಟೂ ಹಳಿಯ ಮೇಲೆ ಅವುಗಳ ಹಿಡಿತ ಹೆಚ್ಚು. ಎಂಜಿನ್ನು ಭಾರವಾಗಿರಬೇಕಾದುದು ಇದರಿಂದಲೇ. ಮೋಟರುಗಳು ಗಾಡಿಗಳಿಗೇ ಬಂದರೆ ಗಾಡಿಯ ಮತ್ತು ಪ್ರಯಾಣಿಕರ ತೂಕವೇ ಆ ಕೆಲಸಕ್ಕೆ ಒದಗುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕಷ್ಟವೂ ತಪ್ಪುತ್ತದೆ.

1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿದ ಭಾರತದ ಮೊದಲ ವಿದ್ಯುತ್ ರೈಲು ಈ ಜಾತಿಯದೇ. ನಮ್ಮ ಮೆಟ್ರೊ ಕೂಡ ಇದೇ ವಂಶದ ಕುಡಿ. ಮುಂದಿನ ಸಲ ಅದರಲ್ಲಿ ಇಕ್ಕಟ್ಟಿನಲ್ಲಿ ನಿಂತಾಗ, ಗಾಲಿ ಜಾರದಂತೆ ಹಳಿಯನ್ನು ಹಿಡಿಯಲು ನಮ್ಮ ತೂಕವೂ ನೆರವಾಗುತ್ತಿದೆಯೆಂದು ಸಮಾಧಾನ ಪಡಬಹುದು.